ಸ್ಟಿಲೋರ್ಗನ್ನಿನಲ್ಲಿ ಮನೆ ಮಾಡಿದವರಿಗೆ: ಕಿಲ್ಮಕಡ್ ಕ್ರೋಕ್ಸ್ ಕ್ಲಬ್ಬಿನ ಪರಿಚಯ

ಡಬ್ಲಿನ್ನಿನ ಸ್ಯಾಂಡಿಫರ್ಡ್, ಸ್ಟಿಲೋರ್ಗನ್ ಕಡೆ ಮನೆ ಮಾಡಿದ ಕನ್ನಡಿಗರು "ಇಲ್ಲಿ ನೆರೆಹೊರೆಯವರ ಪರಿಚಯವೇ ಆಗುವುದಿಲ್ಲ" ಎಂದಾಗಲೆಲ್ಲ ನಾನು ಮಕ್ಕಳನ್ನು ಕಿಲ್ಮಕಡ್ ಕ್ರೋಕ್ಸ್ ಎಂಬ ಗೇಲಿಕ್ ಆಟಗಳ, ಅಂದರೆ ಐರ್ಲೆಂಡಿನ ದೇಶೀ ಆಟಗಳ, ಕ್ಲಬ್ಬಿನ ಮೈದಾನಕ್ಕೆ ಕರೆದೊಯ್ಯಲು ಹೇಳುತ್ತೇನೆ.

1884ರಲ್ಲಿ ತರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಹುಟ್ಟಿದ, ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಊರೂರಿನ ಕ್ಲಬ್ಬುಗಳ ಮೇಲೆ ನಿಂತಿದೆ. ಇಲ್ಲಿ ಆಟಗಾರರಿಗೆ ಸಂಬಳವಿಲ್ಲ. ಎಂಬತ್ತು ಸಾವಿರ ಜನರ ಎದುರು ಡಬ್ಲಿನ್ನಿನ ದೊಡ್ಡ ಕ್ರೀಡಾಂಗಣ ಕ್ರೋಕ್ ಪಾರ್ಕಿನಲ್ಲಿ ಆಡಿದವರೂ ಸೋಮವಾರ ಕೆಲಸಕ್ಕೆ ಹೋಗುತ್ತಾರೆ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಕೊನೆಯವರೆಗೂ ಆಡುವವರೇ ಹೆಚ್ಚು. 2022ರಲ್ಲಿ ಗಾಲ್ವೇ ಕೌಂಟಿಯ ತಾರೆ ಶೇನ್ ವಾಲ್ಷ್ ತನ್ನೂರಿನ ಕ್ಲಬ್ಬು ಬಿಟ್ಟು ಕ್ರೋಕ್ಸ್ ಸೇರಿದಾಗ ದೇಶವೆಲ್ಲ ಅದನ್ನೇ ಚರ್ಚಿಸಿದ್ದು ಇದೇ ಕಾರಣಕ್ಕೆ.

ಕಿಲ್ಮಕಡ್ 1959ರಲ್ಲಿ ಹರ್ಲಿಂಗ್ (ಕೋಲಿನಿಂದ ಸಣ್ಣ ಚೆಂಡನ್ನು ಹೊಡೆಯುವ ಆಟ) ಕ್ಲಬ್ಬಾಗಿ ಹುಟ್ಟಿ, 1966ರಲ್ಲಿ ಕ್ರೋಕ್ಸ್ ಎಂಬ ಇನ್ನೊಂದು ಕ್ಲಬ್ಬಿನ ಜತೆ ಒಂದಾಯಿತು. ಗೇಲಿಕ್ ಫುಟ್ಬಾಲ್, ಅಂದರೆ ಕೈಯನ್ನೂ ಬಳಸುವ ಫುಟ್ಬಾಲ್, ಬಂದದ್ದು ಆಮೇಲೆ. ಆದರೂ 1995, 2009, 2023ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಫುಟ್ಬಾಲ್ ಪ್ರಶಸ್ತಿ ಇವರದಾಯಿತು. 2023ರ ಫೈನಲ್ಲಿನ ಕೊನೆಯ ಕ್ಷಣಗಳಲ್ಲಿ ನಿಯಮದ ಹದಿನೈದಕ್ಕಿಂತ ಹೆಚ್ಚು ಮಂದಿ ಕ್ರೋಕ್ಸ್ ಆಟಗಾರರು ಮೈದಾನದಲ್ಲಿದ್ದರು. ಎದುರಾಳಿ ಗ್ಲೆನ್ ಆಕ್ಷೇಪ ಎತ್ತಿತು, ಮರುಪಂದ್ಯಕ್ಕೆ ಆದೇಶವಾಯಿತು, ಕ್ರೋಕ್ಸ್ ಮೇಲ್ಮನವಿಗೆ ಹೋಯಿತು. ಕಡೆಗೆ ಗ್ಲೆನ್ ಹಿಂದೆ ಸರಿಯಿತು. ಆ ಪ್ರಶಸ್ತಿಯ ಮಾತು ಬಂದರೆ ಈ ಕಥೆಯನ್ನೂ ಬಿಡದೆ ಹೇಳಬೇಕೆಂಬುದು ನನ್ನ ನಿಲುವು. ಮುಂದಿನ ವರ್ಷ ಗ್ಲೆನ್ ತಾನೇ ಪ್ರಶಸ್ತಿ ಗೆದ್ದಾಗ ನನಗೆ ತುಂಬ ಸಂತೋಷವಾಯಿತು.

ಈ ಫುಟ್ಬಾಲಿನ ಲೆಕ್ಕ ಸುಲಭ. ಬಲೆಗೆ ಹೋದರೆ ಗೋಲು, ಅದು ಮೂರು ಅಂಕ. ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು. 2025ರಿಂದ ನಲವತ್ತು ಮೀಟರ್ ಕಮಾನಿನ ಆಚೆಯಿಂದ ಹೊಡೆದು ಮೇಲೆ ದಾಟಿಸಿದರೆ ಎರಡು. ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡಬಹುದು. ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನಿಂದ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಹೀಗೆ ಕಾಲಿನಿಂದ ಚಿಮ್ಮಿಸುವುದಕ್ಕೆ ಸೋಲೋ ಎನ್ನುತ್ತಾರೆ. ನನ್ನ ಮಗಳಿಗೆ ಅದು ಕೈಗೂಡಿದ ದಿನ ಜಿನುಗು ಮಳೆ. ಚೆಂಡು ಜಾರಿ ಜಾರಿ ಬೀಳುತ್ತಿತ್ತು. ತರಬೇತುದಾರರು ಕೆಸರಿನಲ್ಲೇ ಮಂಡಿಯೂರಿ ಅವಳ ಬೂಟಿನ ತುದಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ತೋರಿಸಿದರು. ಮರುಕ್ಷಣ ಚೆಂಡು ಅವಳ ಎದೆಗೇ ಬಂದು ಕೂತಿತು. ಅವರೂ ಒಂದು ಮಗುವಿನ ತಂದೆ, ಸಂಬಳವಿಲ್ಲದ ಸ್ವಯಂಸೇವಕ.

ಸದಸ್ಯತ್ವವನ್ನು ಆನ್‌ಲೈನಿನಲ್ಲೇ ಪಡೆಯಬಹುದು. ಫುಟ್ಬಾಲಿಗೆ ಹಲ್ಲು ಕಾಯುವ ಗಮ್‌ಶೀಲ್ಡ್ ಕಡ್ಡಾಯ. ನೀವೇ ಮಕ್ಕಳಿಗೆ ಕಲಿಸಲು ನಿಲ್ಲುವುದಾದರೆ ಮೊದಲು ಗಾರ್ಡಾ ಪೊಲೀಸರ ಹಿನ್ನೆಲೆ ಪರಿಶೀಲನೆ ಆಗಬೇಕು. ಆಟ ಬಾರದವರು ಜರ್ಸಿ ಹಂಚಲು, ಬಲೆ ಕಟ್ಟಲು, ಚಹಾ ಮಾಡಲು ನಿಲ್ಲಬಹುದು. ನಾನು ಶುರು ಮಾಡಿದ್ದು ಬಲೆ ಕಟ್ಟುವುದರಿಂದ.