ಬರಿಗೈ ಪೆಲೋಟದ ಚೆಂಡು ಕಟ್ಟಿದ ನನ್ನ ಅನುಭವ

ಬರಿಗೈ ಪೆಲೋಟ ಎಂದರೆ ಚೆಂಡನ್ನು ಅಂಗೈಯಿಂದಲೇ ಗೋಡೆಗೆ ಹೊಡೆದು ಆಡುವ ಬಾಸ್ಕ್ ಆಟ. ಅದರ ಚೆಂಡನ್ನು ಮನೆಯಲ್ಲೇ ಕಟ್ಟುತ್ತೇನೆಂದು ಮೂರು ವರ್ಷದ ಹಿಂದೆ ಹೇಳಿದಾಗ, ಇಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಎಯ್ಬಾರ್‌ನಲ್ಲಿ ನನ್ನೊಡನೆ ಆಡುವವರಲ್ಲಿ ಒಬ್ಬರೂ ನಂಬಲಿಲ್ಲ. ಈಗ ಅವರೇ ನನ್ನ ಚೆಂಡಿನಲ್ಲಿ 22 ಅಂಕದ ಪಂದ್ಯ ಆಡುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಹನ್ನೆರಡೋ ಹದಿಮೂರೋ ಚೆಂಡುಗಳು ಪೂರ್ತಿ ಹಾಳಾದವು. ಚುರುಕಾಗಿ ಪುಟಿಯಲೆಂದು ತಿರುಳಿಗೆ ಲ್ಯಾಟೆಕ್ಸ್ ಪಟ್ಟಿಯನ್ನು ಹೆಚ್ಚು ಸುತ್ತಿದ್ದೆ. ಚೆಂಡು ಮುಂಗೋಡೆಗೆ ಬಡಿದು ಹಿಡಿತಕ್ಕೇ ಸಿಗದಂತೆ ಚಿಮ್ಮಿತು. ಲ್ಯಾಟೆಕ್ಸ್ ತಗ್ಗಿಸಿ ಉಣ್ಣೆ ಹೆಚ್ಚಿಸಿದರೆ ತೂಕ 115 ಗ್ರಾಂ ದಾಟಿ, ಅಂಗೈಗೆ ತಾಕೊ (ಕೈ ಕಾಯುವ ಮೆತ್ತೆ) ಅಂಟಿಸಿಕೊಂಡಿದ್ದರೂ ಬೆರಳ ಬುಡದಲ್ಲಿ ಮೊಳೆ ಹೊಡೆದಂಥ ನೋವು ಎರಡು ವಾರ ಉಳಿಯಿತು. ಒಂದು ಚೆಂಡಿನ ಹೊಲಿಗೆ ಮೂರನೆಯ ಅಂಕಕ್ಕೇ ಬಿಚ್ಚಿ, ಮೇಕೆ ಚರ್ಮದ ತುಂಡು ಎಡಗೋಡೆಯ ಬುಡದಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಚರ್ಮ, ಉಣ್ಣೆ, ನೂಲು ಎಲ್ಲ ಸೇರಿ ಸುಮಾರು 400 ಯೂರೋ ಕೈಬಿಟ್ಟಿತ್ತು. ಚರ್ಮ ಮಾರಿದವನು ದಪ್ಪ ಒಂದೇ ಸಮ ಇಲ್ಲದ ಹಾಳೆ ಕೊಟ್ಟಿದ್ದನೆಂಬುದು ಆಮೇಲೆ ತಿಳಿಯಿತು.

ದಾರಿ ಸಿಕ್ಕಿದ್ದು ಉಣ್ಣೆ ಸುತ್ತುವ ಬಿಗಿಯಲ್ಲಿ. ಒಂದೇ ದಿನದಲ್ಲಿ ಕಟ್ಟಿ ಮುಗಿಸುವ ಆತುರ ಬಿಟ್ಟು, ಸುಮಾರು ಹತ್ತು ಗ್ರಾಂ ಉಣ್ಣೆ ಸುತ್ತಿದಾಗಲೆಲ್ಲ ಉಂಡೆಯನ್ನು ಎರಡು ದಿನ ಸುಮ್ಮನಿಟ್ಟು, ಎಳೆಗಳು ತಾವಾಗಿ ಕುಳಿತ ಮೇಲೆ ಅಡ್ಡ ದಿಕ್ಕಿಗೆ ತಿರುಗಿಸಿ ಮುಂದುವರಿಸಿದೆ. ಅದರ ಮೇಲೆ ಹತ್ತಿ ನೂಲು, ಕೊನೆಗೆ ಎಂಟರ ಅಂಕಿಯಾಕಾರದ ಎರಡು ತುಂಡು ಚರ್ಮ. ಚರ್ಮವನ್ನು ಎಷ್ಟು ಹೊತ್ತು ನೆನೆಸುತ್ತೇನೆ, ನೂಲಿಗೆ ಏನು ಸವರುತ್ತೇನೆ ಎಂಬೆರಡನ್ನು ಇಲ್ಲಿ ಹೇಳಲಾರೆ. ಅವು ನನ್ನ ಕೈಯಲ್ಲೇ ಇರಲಿ. ಈಗ ಹತ್ತರಲ್ಲಿ ಎಂಟು ಚೆಂಡು 103ರಿಂದ 106 ಗ್ರಾಂ ಒಳಗೆ ಬರುತ್ತವೆ. ಅನುಭವಿಗಳ ಚೆಂಡಿಗೂ ಇಷ್ಟು ಸಮತೂಕ ಯಾವಾಗಲೂ ಇರುವುದಿಲ್ಲ.

ನಡುವೆ ಹಳೆಯ ಕ್ರಮದಂತೆ ಬಾಕ್ಸ್‌ವುಡ್ ಮರದ ಗುಂಡನ್ನು ತಿರುಳಾಗಿಟ್ಟು ನೋಡಿದೆ. ಸದ್ದು ಚೆನ್ನಾಗಿತ್ತು, ಪುಟಿತ ಸಾಲದಾಯಿತು. ಕೈಗೆ ಕಟ್ಟಿಕೊಂಡ ಬಾಗಿದ ಬುಟ್ಟಿಯಿಂದ ಆಡುವ ಸೆಸ್ತಾ ಪುಂತಾ ಎಂಬ ಪೆಲೋಟಕ್ಕೆಂದು ಎರಡು ಪದರ ಚರ್ಮದ ಚೆಂಡನ್ನೂ ಕಟ್ಟಿದೆ, ಆದರೆ 54 ಮೀಟರ್ ಅಂಗಳದಲ್ಲಿ ಬುಟ್ಟಿಯಿಂದ ಬೀಸುವ ಏಟಿಗೆ ಅದು ಒಂದು ಆಟವೂ ಬಾಳಲಿಲ್ಲ. ಆ ಕೆಲಸವನ್ನು ಮುಂದಿನ ವರ್ಷಕ್ಕೆ ಇಟ್ಟಿದ್ದೇನೆ.

ಕಳೆದ ಫೆಬ್ರುವರಿಯಲ್ಲಿ, ಎಲ್ಲರಿಗಿಂತ ಹೆಚ್ಚು ಅನುಮಾನಿಸಿದ್ದ ಹಿರಿಯ ಆಟಗಾರರೊಬ್ಬರು ಪಂದ್ಯಕ್ಕೆ ಮುಂಚೆ ಚೆಂಡುಗಳನ್ನಿಟ್ಟ ಬುಟ್ಟಿಯಿಂದ ಚೆಂಡು ಆರಿಸುತ್ತಿದ್ದರು. ನನ್ನದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಹೊಲಿಗೆಯುದ್ದಕ್ಕೂ ಒತ್ತಿದರು, ನೆಲಕ್ಕೆ ಬಿಟ್ಟು ಕಿವಿಗೊಟ್ಟರು, ಇನ್ನೊಂದು ಸಲ ಬಿಟ್ಟರು, ಆಮೇಲೆ ಪಕ್ಕಕ್ಕೆ ಎತ್ತಿಟ್ಟರು. ಪಂದ್ಯ ಮುಗಿದ ಮೇಲೆ ಅಂಥವೇ ಇನ್ನೂ ನಾಲ್ಕು ಬೇಕೆಂದು ಕೇಳಿ, ಚೆಂಡಿಗೆ 40 ಯೂರೋದಂತೆ ಮುಂಗಡ ಕೊಟ್ಟರು.