ಜಿಪಿ ಕ್ಲಿನಿಕ್ಕಿನ 13 ಹೇಳಿಕೆಗಳು: ಇಂಗ್ಲೆಂಡಿನಲ್ಲಿರುವ ಕೊಡಗಿನವರಿಗೆ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಕಡೆಯಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದವರಲ್ಲಿ ಸಕ್ಕರೆ ಕಾಯಿಲೆ, ಉಬ್ಬಸದಂತಹ ದೀರ್ಘಕಾಲದ ತೊಂದರೆ ಇರುವವರಿಗೆ ಜಿಪಿ, ಅಂದರೆ ಕುಟುಂಬ ವೈದ್ಯರ ಕ್ಲಿನಿಕ್ಕಿನಲ್ಲಿ ಕೆಲವೊಮ್ಮೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ‘ಪೇಷೆಂಟ್ ಆಕ್ಟಿವೇಶನ್ ಮೆಷರ್’, ಅಂದರೆ ‘ಪ್ಯಾಮ್’ ಎಂಬ ಇದು ಕಾಯಿಲೆಯ ತೀವ್ರತೆಯನ್ನು ಅಳೆಯುವುದಿಲ್ಲ; ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳಲು ಬೇಕಾದ ತಿಳಿವಳಿಕೆ, ಕೌಶಲ, ಧೈರ್ಯಗಳು ರೋಗಿಗೆ ಎಷ್ಟಿವೆ ಎಂಬುದನ್ನು ಅಳೆಯುತ್ತದೆ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜೂಡಿತ್ ಹಿಬ್ಬಾರ್ಡ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು 22 ಹೇಳಿಕೆಗಳೊಂದಿಗೆ ಪ್ರಕಟಿಸಿದರು. ಮರುವರ್ಷ 13 ಹೇಳಿಕೆಗಳ ಚಿಕ್ಕ ರೂಪ ಬಂತು. 2016ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯನ್ನು ನಡೆಸುವ ಎನ್‌ಎಚ್‌ಎಸ್ ಇಂಗ್ಲೆಂಡ್ ಐದು ವರ್ಷಗಳಲ್ಲಿ 18 ಲಕ್ಷ ಜನರವರೆಗೆ ಬಳಸಲು ಪರವಾನಗಿ ಪಡೆಯಿತು, ಆದರೆ ಎಲ್ಲ ಕ್ಲಿನಿಕ್ಕುಗಳಲ್ಲೂ ಇದು ಬಳಕೆಯಲ್ಲಿಲ್ಲ. ಪ್ರತಿ ಹೇಳಿಕೆಯನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಉತ್ತರಗಳಿಂದ 0ಯಿಂದ 100ರೊಳಗಿನ ಅಂಕ ಲೆಕ್ಕಹಾಕಿ, ರೋಗಿಯನ್ನು ನಾಲ್ಕು ಹಂತಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ: ಎಲ್ಲವನ್ನೂ ಡಾಕ್ಟರ ಮೇಲೆ ಬಿಟ್ಟು ಕುಳಿತವರು ಮೊದಲನೆಯದರಲ್ಲಿ, ಕಷ್ಟಕಾಲದಲ್ಲೂ ಒಳ್ಳೆಯ ರೂಢಿ ಬಿಡದಿರಲು ಶ್ರಮಿಸುವವರು ನಾಲ್ಕನೆಯದರಲ್ಲಿ.

ನಮ್ಮವರು ಎಡವುವುದು ಉತ್ತರಿಸುವಾಗ. ಡಾಕ್ಟರ ಮುಂದೆ ‘ಗೊತ್ತಿಲ್ಲ’ ಎನ್ನುವುದಕ್ಕೆ ಸಂಕೋಚಪಡುವ ಹಿರಿಯರು ಎಲ್ಲದಕ್ಕೂ ಒಪ್ಪಿಗೆ ಹಾಕಿಬಿಡುತ್ತಾರೆ. ತಮ್ಮ ಔಷಧಿಗಳನ್ನು ‘ಬೆಳಗಿನ ಬಿಳಿ ಮಾತ್ರೆ’, ‘ರಾತ್ರಿಯ ಗುಲಾಬಿ ಮಾತ್ರೆ’ ಎಂದಷ್ಟೇ ಗುರುತಿಸುವವರು, ಯಾವುದು ಯಾತಕ್ಕೆಂದು ತಿಳಿದಿದೆ ಎಂಬ ಅರ್ಥದ ಹೇಳಿಕೆಗೂ ‘ಖಂಡಿತ ಒಪ್ಪುತ್ತೇನೆ’ ಎಂದರೆ, ನರ್ಸ್ ಅದನ್ನು ವಿವರಿಸಿ ಹೇಳುವ ಅವಕಾಶವೇ ತಪ್ಪಿಹೋಗುತ್ತದೆ. ಅಂಕ ಕಡಿಮೆ ಬಂದರೆ ಅವಮಾನವೇನೂ ಇಲ್ಲ. ಹೆಚ್ಚು ಸಮಯ, ಹೆಚ್ಚು ಮಾರ್ಗದರ್ಶನ ಯಾರಿಗೆ ಬೇಕು ಎಂಬುದನ್ನು ಕಂಡುಕೊಳ್ಳುವುದೇ ಈ ಅಳತೆಯ ಉದ್ದೇಶ. ಹೆಲ್ತ್ ಕೋಚ್ (ಆರೋಗ್ಯದ ರೂಢಿಗಳ ಬಗ್ಗೆ ಮಾರ್ಗದರ್ಶನ ಕೊಡುವವರು) ಇರುವ ಕಡೆ ಅವರ ಜೊತೆ ಕುಳಿತು, ಮನೆಯಲ್ಲಿ ಕಡಂಬುಟ್ಟು, ನೂಪುಟ್ಟು ಮಾಡುತ್ತೇವೆ, ಎರಡೂ ಅಕ್ಕಿಯವು, ಎಷ್ಟು ತಿನ್ನಬಹುದು ಎಂದು ಕೇಳಿ. ಬ್ರೆಡ್ಡು, ಆಲೂಗಡ್ಡೆಯ ಲೆಕ್ಕದ ಸಲಹೆ ನಮ್ಮ ಊಟಕ್ಕೆ ಹೊಂದುವುದಿಲ್ಲ.

ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ದುಭಾಷಿಯನ್ನು ಕೇಳಿ, ಅದಕ್ಕೆ ಶುಲ್ಕವಿಲ್ಲ. ಮಗ ಅಥವಾ ಸೊಸೆ ಪಕ್ಕದಲ್ಲಿ ಕುಳಿತು ಗುರುತು ಹಾಕಿದರೆ ಅಳತೆಗೆ ಸಿಗುವುದು ಅವರ ತಿಳಿವಳಿಕೆ, ಅಪ್ಪ ಅಮ್ಮನದಲ್ಲ. ಕೆಲವು ತಿಂಗಳ ನಂತರ ಇದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟು ಹಿಂದಿನ ಅಂಕದೊಂದಿಗೆ ಹೋಲಿಸುವುದುಂಟು. ಆದ್ದರಿಂದ ಎರಡೂ ಸಲದ ಅಂಕವನ್ನು ಕೇಳಿ ಬರೆದಿಟ್ಟುಕೊಳ್ಳಿ.