ಮಗುವಿನ ಮೊದಲ ಹ್ಯಾಲೋವೀನ್: ತುಲಾ ಮಳೆ ಬರುವ ಮೊದಲೇ ಮುಗಿಸಿ

ಹೊರನಾಡಿನಲ್ಲಿರುವ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿರುತ್ತಾಳೆ, ಇಲ್ಲವೇ ದುಬೈಯಲ್ಲಿರುವ ಅಣ್ಣನ ಮಕ್ಕಳು ಫೋನಿನಲ್ಲಿ ತಮ್ಮ ವೇಷ ತೋರಿಸಿ ‘ಪಾಪುವಿಗೆ ಏನು ಹಾಕ್ತೀರಿ?’ ಎಂದು ಕೇಳುತ್ತಾರೆ. ಕಾಸರಗೋಡಿನ ಮನೆಗಳಿಗೆ ಅಕ್ಟೋಬರ್ 31ರ ಹ್ಯಾಲೋವೀನ್ ಬರುವುದು ಹೆಚ್ಚಾಗಿ ಹೀಗೆಯೇ. ವೇಷ ಕಟ್ಟಿ ಮನೆಮನೆಗೆ ಹೋಗುವುದು ಈ ಕಡೆಯವರಿಗೆ ಹೊಸತಲ್ಲ. ಆಟಿಯಲ್ಲಿ ಕಳೆಂಜ ಬರುತ್ತಾನೆ. ತೆಂಕಣ ಭಾಗದಲ್ಲಿ ಕರ್ಕಾಟಕ ತಿಂಗಳಿಗೆ ಆಡಿವೇಡನ್ ವೇಷದ ಮಕ್ಕಳು ಅಂಗಳಕ್ಕೆ ಬಂದು ಅಕ್ಕಿ ಪಡೆದು ಹೋಗುತ್ತಾರೆ. ಹೊಸತೆಂದರೆ ಮುಖ ಕೊರೆದ ಕುಂಬಳಕಾಯಿ ಮಾತ್ರ. ಅದೂ ಮೂಲದಲ್ಲಿ ಕುಂಬಳಕಾಯಿ ಆಗಿರಲಿಲ್ಲ. ಐರ್ಲೆಂಡ್, ಸ್ಕಾಟ್ಲೆಂಡಿನವರು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಹೇರಳವಾಗಿ ಸಿಗುವ, ಕೊರೆಯಲು ಸುಲಭವಾದ ಕುಂಬಳಕಾಯಿ ಆ ಜಾಗಕ್ಕೆ ಬಂತು.

ಮಗುವಿಗೆ ಇದೊಂದೂ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಸೆಕೆ, ತುರಿಕೆ, ಗದ್ದಲ, ನಿದ್ದೆ. ಆದ್ದರಿಂದ ಇಡೀ ಆಚರಣೆಯನ್ನು ಒಂದು ಗಂಟೆಗೆ ಇಳಿಸಿ. ಹಿಂದಿನ ದಿನವೇ ಮಾಡಿ ಮುಗಿಸಬಹುದಾದ್ದನ್ನೆಲ್ಲ ಮುಗಿಸಿಡಿ.

ಹೊತ್ತು

ಅಕ್ಟೋಬರ್ ಕೊನೆಯೆಂದರೆ ನಮ್ಮಲ್ಲಿ ತುಲಾ ಮಳೆಯ ಕಾಲ. ಬೆಳಗ್ಗೆ ಚುರುಚುರು ಬಿಸಿಲು, ಮಧ್ಯಾಹ್ನ ದಾಟಿದ ಮೇಲೆ ಮೂಡಣದಲ್ಲಿ ಮೋಡ, ಸಂಜೆಗೆ ಗುಡುಗು, ಜೊತೆಗೆ ಕರೆಂಟು ಹೋಗುವುದು. ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ನುಸಿ ಏಳುತ್ತವೆ. ಕತ್ತಲಾದ ಮೇಲೆ ಶುರುಮಾಡುವ ಅಮೆರಿಕದ ಪದ್ಧತಿ ಇಲ್ಲಿ ಮಗುವಿಗೆ ಒಗ್ಗುವುದಿಲ್ಲ.

ಮಧ್ಯಾಹ್ನದ ನಿದ್ದೆ ಮುಗಿದು, ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ ವೇಷ ಹಾಕಿ. ಹೆಚ್ಚಿನ ಮಕ್ಕಳಿಗೆ ಅದು ನಾಲ್ಕೂವರೆಯ ಹೊತ್ತು. ಮೊದಲ ಹತ್ತು ನಿಮಿಷ ಜಗಲಿಯಲ್ಲಿ ಫೋಟೊ. ಐದಕ್ಕೆ ವಿಡಿಯೊ ಕರೆ: ಆಗ ದುಬೈಯಲ್ಲಿ ಮೂರೂವರೆ, ನ್ಯೂಯಾರ್ಕಿನಲ್ಲಿ ಬೆಳಗಿನ ಏಳೂವರೆ, ಇಬ್ಬರೂ ಸಿಗುತ್ತಾರೆ. ಐದೂವರೆಗೆ ವೇಷ ಕಳಚಿ ಮೈ ಒರೆಸಿ ಹತ್ತಿಯ ಅಂಗಿ ತೊಡಿಸಿ. ಮುಸ್ಸಂಜೆಯಲ್ಲಿ ದೀಪ ಹಚ್ಚಿದಾಗ ಮಗು ಮಾಮೂಲಿ ಬಟ್ಟೆಯಲ್ಲಿ ಯಾರದಾದರೂ ತೊಡೆಯ ಮೇಲಿರಲಿ, ಏಳಕ್ಕೆ ನುಸಿಪರದೆಯೊಳಗೆ ಮಲಗಲಿ. ನಿದ್ದೆ ಮೀರಿದ ಮಗುವನ್ನು ‘ಇನ್ನು ಐದೇ ನಿಮಿಷ’ ಎಂದು ಹಿಡಿದಿಟ್ಟರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ವೇಷ

ಅಂತರ್ಜಾಲದಲ್ಲಿ ಸಿಗುವ ಸಿದ್ಧ ವೇಷಗಳು ಬಹುಪಾಲು ಪಾಲಿಯೆಸ್ಟರ್, ಒಳಗೆ ಸ್ಪಂಜಿನ ಪದರ ಬೇರೆ. ನಮ್ಮ ಸೆಕೆಗೆ ಹತ್ತು ನಿಮಿಷದಲ್ಲಿ ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಏಳುತ್ತದೆ. ಮನೆಯಲ್ಲೇ ಮಾಡುವುದಾದರೆ ಕುಂಬಳಕಾಯಿ ವೇಷ ಎಲ್ಲಕ್ಕಿಂತ ಸುಲಭ. ಕಿತ್ತಳೆ ಬಣ್ಣದ, ತೋಳಿಲ್ಲದ ಹತ್ತಿ ಅಂಗಿಯನ್ನು ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಹೊಸ ಬಟ್ಟೆಯ ಬಣ್ಣ ಬೆವರಿಗೆ ಬಿಡುತ್ತದೆ, ಮಗು ಅಂಗಿಯ ಅಂಚನ್ನು ಚೀಪುತ್ತದೆ ಕೂಡ. ಹಾಗಾಗಿ ಎರಡು ಸಲ ಒಗೆದು, ನೀರು ತಿಳಿಯಾಗುವುದನ್ನು ನೋಡಿಯೇ ತೊಡಿಸಿ. ಹಳೆಯ ಕಪ್ಪು ಹತ್ತಿ ಬಟ್ಟೆಯಲ್ಲಿ 4 ಸೆಂಟಿಮೀಟರಿನ ಎರಡು ತ್ರಿಕೋನ, ಒಂದು ಅರ್ಧಚಂದ್ರ ಕತ್ತರಿಸಿ ಎದೆಯ ಮೇಲೆ ಒತ್ತೊತ್ತಾಗಿ ಹೊಲಿಯಿರಿ. ಅಂಟು ಬೇಡ; ಬೆವರಿಗೆ ಬಿಟ್ಟುಕೊಂಡ ತುಂಡು ನೇರ ಬಾಯಿಗೆ ಹೋಗುತ್ತದೆ. ಗುಂಡಿ, ಮಣಿ, ಮಿಂಚು ಬಿಲ್ಲೆ, ಕತ್ತಿಗೆ ಕಟ್ಟುವ ದಾರ ಯಾವುದೂ ಬೇಡ. ಹಸಿರು ಬಟ್ಟೆಯ ತೊಟ್ಟಿನ ಟೊಪ್ಪಿ ಫೋಟೊಗೆ ಸಾಕು. ಮಗುವಿನ ಮೈಯ ಬಿಸಿ ಹೊರಹೋಗುವ ಮುಖ್ಯ ದಾರಿಗಳಲ್ಲಿ ತಲೆಯೂ ಒಂದು, ಆದ್ದರಿಂದ ಟೊಪ್ಪಿ ಇಟ್ಟುಕೊಂಡು ನಿದ್ದೆಹೋಗಲು ಬಿಡಬೇಡಿ.

ಹೊಲಿದಾದ ಮೇಲೆ ಅಂಗಿಯನ್ನೂ ಕಾಲುಚೀಲವನ್ನೂ ಒಳಮಗ್ಗುಲು ತಿರುಗಿಸಿ ನೋಡಿ. ನೇತಾಡುವ ಒಂದೇ ಎಳೆ ನೂಲು, ಕೆಲವೊಮ್ಮೆ ಬಾಣಂತಿಯ ಉದುರಿದ ಕೂದಲು, ಮಗುವಿನ ಕಾಲ್ಬೆರಳಿಗೆ ಸುತ್ತಿ ಬಿಗಿಯುತ್ತದೆ. ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ, ಮಗು ಕಾರಣ ತಿಳಿಯದಂತೆ ಒಂದೇ ಸಮನೆ ಅಳುತ್ತದೆ. ವೇಷದ ದಿನ ಅಳು ನಿಲ್ಲದಿದ್ದರೆ ಮೊದಲು ಬೆರಳುಗಳನ್ನು ನೋಡಿ. ಸುತ್ತಿದ ಎಳೆ ಸುಲಭವಾಗಿ ಬರದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ.

ಬಿಳಿ ಪಂಚೆಯನ್ನು ತಲೆಯ ಮೇಲಿಂದ ಇಳಿಬಿಟ್ಟು ‘ಭೂತ’ ಮಾಡುವುದು ದೊಡ್ಡವರಿಗಿರಲಿ. ಮಗುವಿನ ಮೂಗು, ಬಾಯಿ ಮುಚ್ಚುವ ಯಾವುದೂ ವೇಷವಲ್ಲ. ಮುಖಕ್ಕೆ ಬಣ್ಣವೂ ಬೇಡ. ಮಗು ಕೈಯಿಂದ ಉಜ್ಜಿ ಕಣ್ಣಿಗೋ ಬಾಯಿಗೋ ಹಾಕಿಕೊಳ್ಳುತ್ತದೆ. ಕಾಡಿಗೆಯಲ್ಲಿ ಮೀಸೆ ಬರೆಯುವ ಆಸೆಯನ್ನೂ ಬಿಡಿ. ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಅಜ್ಜಿಗೆ ದೃಷ್ಟಿಬೊಟ್ಟು ಇಡಲೇಬೇಕೆಂದಿದ್ದರೆ ಬೆನ್ನಿನ ಮೇಲೆ, ಕೈಗೆಟುಕದಲ್ಲಿ ಇಡಲಿ.

ಇನ್ನೊಂದು ಮಾತು. ತುಲಾ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಯ ವಾರದಲ್ಲೇ, ಇಲ್ಲಿ ತೆಯ್ಯದ ಕಾಲ ಆರಂಭವಾಗುತ್ತದೆ. ಕೆಂಪು ಬಣ್ಣ, ತಲೆಪಟ್ಟಿ, ತಿರಿ ಎಲ್ಲ ಚಂದ ಕಾಣುತ್ತದೆಂದು ಮಗುವಿಗೆ ತೆಯ್ಯದ ವೇಷ ಕಟ್ಟಬೇಡಿ. ಅದು ನೆರೆಮನೆಯವರು ಕೈಮುಗಿಯುವ ದೈವ, ಬೆದರಿಸುವ ಗೊಂಬೆಯಲ್ಲ.

ಮನೆಯವರೆಲ್ಲ ಸೇರಿ ಒಂದೇ ಕತೆಯ ವೇಷ ಹಾಕಬೇಕೆಂದಿದ್ದರೆ ಗದ್ದೆಯ ಬೆರ್ಚಪ್ಪನನ್ನು ಹಿಡಿಯಿರಿ. ಅಜ್ಜನಿಗೆ ಅಡಿಕೆ ಹಾಳೆಯ ಮುಟ್ಟಾಳೆ, ಹಳೆಯ ಲುಂಗಿ, ಅಂಗಿಯ ತೋಳಿನಿಂದ ಇಣುಕುವ ಹಿಡಿ ಬೈಹುಲ್ಲು. ಚಿಕ್ಕಪ್ಪ ಕಪ್ಪು ಅಂಗಿಯ ಕಾಗೆ. ಮಗು ಇಬ್ಬರ ನಡುವಿನ ಕುಂಬಳಕಾಯಿ. ಖರ್ಚು ಏನೂ ಇಲ್ಲ, ನೋಡಿದವರಿಗೆ ವಿವರಣೆಯೂ ಬೇಕಿಲ್ಲ. ಬೈಹುಲ್ಲಿನ ಧೂಳು ಮೂಗಿಗೆ ಹೋಗುತ್ತದೆ, ಅಷ್ಟು ಹೊತ್ತು ಮಗುವನ್ನು ಕಾಗೆಯೇ ಎತ್ತಿಕೊಳ್ಳಲಿ.

ಕುಂಬಳಕಾಯಿ ಕೊರೆಯುವುದು

ಚೀನಿಕಾಯಿ, ಅಂದರೆ ಸಿಹಿಗುಂಬಳ, 3ರಿಂದ 4 ಕಿಲೋದ್ದು ಸಾಕು. ಬುಡ ಚಪ್ಪಟೆಯಿದ್ದು ಅಲುಗದೆ ಕೂರುವುದನ್ನು ಆರಿಸಿ. ಅಮೆರಿಕದ ವಿಡಿಯೊಗಳಲ್ಲಿ ಚೂರಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಅವರದು ಕೊರೆಯಲೆಂದೇ ಬೆಳೆಸಿದ, ತೆಳು ತಿರುಳಿನ ತಳಿ. ನಮ್ಮದು ಅಡುಗೆಯ ಕಾಯಿ. ಸಿಪ್ಪೆ ಗಟ್ಟಿ, ತಿರುಳು ದಪ್ಪ, ಮೈಮೇಲೆ ಏಣುಗಳು. ಉದ್ದ ಚೂರಿ ಹಾಕಿದರೆ ಏಣಿನ ಮೇಲೆ ಜಾರಿ ಕೈಗೇ ಬರುತ್ತದೆ. ಹ್ಯಾಕ್ಸಾ ಬ್ಲೇಡಿನ ಒಂದು ತುಂಡಿನ ತುದಿಗೆ ಬಟ್ಟೆ ಸುತ್ತಿ ಹಿಡಿಕೆ ಮಾಡಿಕೊಳ್ಳಿ. ಒತ್ತುವುದಲ್ಲ, ಗರಗಸದಂತೆ ಎಳೆಯುವುದು. ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹೆಂಗಸರು ಹಾಕಬಾರದೆಂಬ ರೂಢಿಯಿರುವ ಮನೆಯಲ್ಲಿ ಆ ಮೊದಲ ಗಾಯವನ್ನು ಅಜ್ಜನೇ ಮಾಡಲಿ, ಚರ್ಚೆ ತಪ್ಪುತ್ತದೆ.

ಮುಚ್ಚಳವನ್ನು ಮೇಲೆ ಕತ್ತರಿಸಬೇಡಿ. ಮೇಲೆ ತೆರೆಯುವುದು ಮೇಣದ ಬತ್ತಿಯ ಬಿಸಿ ಹೊರಹೋಗಲೆಂದು. ನೀವು ಇಡುವುದು ಎಲ್‌ಇಡಿ ದೀಪ, ಅದಕ್ಕೆ ಬಿಸಿಯಿಲ್ಲ. ಬುಡದಲ್ಲಿ 12 ಸೆಂಟಿಮೀಟರಿನ ವೃತ್ತ ಕೊರೆದು ತೆಗೆದರೆ ತೊಟ್ಟು ಹಾಗೆಯೇ ಉಳಿಯುತ್ತದೆ, ಒಳಗೆ ಒಸರುವ ನೀರು ನಿಲ್ಲದೆ ಕೆಳಗಿಳಿಯುತ್ತದೆ, ದೀಪದ ಮೇಲೆ ಕಾಯಿಯನ್ನು ಕವುಚಿಟ್ಟರೆ ಆಯಿತು. ಬೀಜ, ನಾರು ತೆಗೆದು, ಅಂಚು ಹರಿತವಿರುವ ಸ್ಟೀಲು ಚಮಚದಿಂದ ಮುಖ ಬರುವ ಮಗ್ಗುಲನ್ನು 2 ಸೆಂಟಿಮೀಟರಿಗೆ ತೆಳುವಾಗುವಷ್ಟು ಹೆರೆಯಿರಿ. ಇದಕ್ಕಿಂತ ದಪ್ಪ ಉಳಿದರೆ ಬೆಳಕು ಹೊರಗೆ ಕಾಣುವುದಿಲ್ಲ, ತೀರ ತೆಳುವಾದರೆ ಮುಖ ಕುಸಿಯುತ್ತದೆ. ಈಗ ತೆಗೆದ ತಿರುಳನ್ನು ಕೂಡಲೇ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಡಿ, ಅಡುಗೆಗೆ ಬೇಕು.

ಏಣು ಕಡಿಮೆಯಿರುವ ಕಡೆ ಪೆನ್ನಿನಲ್ಲಿ ಮುಖ ಬರೆದು, ಕಣ್ಣಿನಿಂದ ಆರಂಭಿಸಿ, ಬಾಯಿ ಕೊನೆಗೆ. ಚೂಪು ಹಲ್ಲುಗಳನ್ನು ಬಿಡಿ. ನಮ್ಮ ತೇವದ ಹವೆಗೆ ಮರುದಿನವೇ ಒಳಕ್ಕೆ ಸುರುಟಿಕೊಂಡು ಹಲ್ಲು ಬಿದ್ದ ಮುದುಕನ ಮುಖವಾಗುತ್ತದೆ. ಡ್ರಿಲ್ಲು ಇರುವವರು 8 ಮಿಲಿಮೀಟರಿನ ಬಿಟ್ಟಿನಲ್ಲಿ ಚುಕ್ಕಿಚುಕ್ಕಿಯಾಗಿ ಮುಖ ತೂತು ಮಾಡಬಹುದು, ಕಾಲು ಗಂಟೆಯ ಕೆಲಸ. ಒಳಗೆ ವಿನೆಗರ್ ಹಚ್ಚಿ ಒರೆಸಿ, ಕತ್ತರಿಸಿದ ಅಂಚಿಗೆ ವ್ಯಾಸಲೀನ್ ಸವರಿ. ಇಷ್ಟು ಮಾಡಿದರೂ ಎರಡು ದಿನಕ್ಕೆ ಬೂಷ್ಟು ಬರುತ್ತದೆ. 30ರ ರಾತ್ರಿಗಿಂತ ಮೊದಲು ಕೊರೆಯಬೇಡಿ.

ಮಗುವನ್ನು ಟೊಳ್ಳು ಕುಂಬಳಕಾಯಿಯೊಳಗೆ ಕೂರಿಸುವ ಫೋಟೊ ಎಲ್ಲರಿಗೂ ಬೇಕು. ನಮ್ಮ ಕಾಯಿಯಲ್ಲಿ ತೊಡೆ ಸಿಕ್ಕಿಕೊಳ್ಳುತ್ತದೆ, ಹಸಿ ತಿರುಳಿನ ಲೋಳೆ ಚರ್ಮಕ್ಕೆ ತುರಿಕೆ ತರಬಹುದು. ಕೊರೆಯದ ಕಾಯಿಯನ್ನು ಚಾಪೆಯ ಮೇಲೆ ಮಗುವಿನ ಪಕ್ಕದಲ್ಲಿಡಿ, ಕೈಯಿಂದ ತಟ್ಟಲಿ. ಫೋನನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿ ತೆಗೆದರೆ ಸಾಕು.

ಗೆರಟೆ ದೀಪ

ಕುಂಬಳಕಾಯಿಯ ಗೋಜೇ ಬೇಡವೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲೇ ಇದೆ. ತೆಂಗಿನಕಾಯಿಯ ಕಣ್ಣಿರುವ ಹೋಳನ್ನು ಕವುಚಿ ಹಿಡಿದು ನೋಡಿ: ಎರಡು ಕಣ್ಣು, ಒಂದು ಬಾಯಿ, ಬೆರಗಾಗಿ ನಿಂತ ಮುಖ. ಕೊರೆಯುವ ಚಿತ್ರವನ್ನು ಕಾಯಿಯೇ ಬರೆದುಕೊಟ್ಟಿದೆ. ಕಾಯಿ ತುರಿದ ಮೇಲೆ ಒಳಗೆ ಉಳಿದ ಬಿಳಿ ಪದರವನ್ನು ಪೂರ್ತಿ ಕೆರೆದು ಒಂದು ದಿನ ಬಿಸಿಲಿಗಿಡಿ, ಇಲ್ಲವಾದರೆ ಇರುವೆ ಸಾಲು ಹಿಡಿಯುತ್ತದೆ. ಹೊರಗಿನ ನಾರನ್ನು ಮೊದಲು 80ರ, ಆಮೇಲೆ 120ರ ಉಜ್ಜುಕಾಗದದಿಂದ ತೆಗೆಯಿರಿ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆ ಚುಚ್ಚಿದರೆ ತೆರೆಯುತ್ತದೆ, ಅದು ಬಾಯಿ. ಉಳಿದೆರಡು ಗಟ್ಟಿ, ಅವಕ್ಕೆ 6 ಮಿಲಿಮೀಟರಿನ ಡ್ರಿಲ್ ಬಿಟ್ಟು ಬೇಕು. ಡ್ರಿಲ್ ಮಾಡುವಾಗ ಗೆರಟೆಯನ್ನು ಕೈಯಲ್ಲಿ ಹಿಡಿಯಬೇಡಿ, ಹಳೆ ಬಟ್ಟೆಯ ಮೇಲೆ ಕವುಚಿ ಒತ್ತಿಡಿ. ಒಳಗೆ ದೀಪವಿಟ್ಟು ಗೋಡೆಯ ಕಡೆ ವಾಲಿಸಿದರೆ ಮೂರು ಬೆಳಕಿನ ಚುಕ್ಕಿಗಳು ಗೋಡೆಯ ಮೇಲೆ ಬೀಳುತ್ತವೆ. ಐದಾರು ಇದ್ದರೆ ಜಗಲಿಯ ತುಂಬ ಮುಖಗಳು. ಈ ಗೆರಟೆಗಳು ಮುಂದಿನ ವರ್ಷಕ್ಕೂ ಬರುತ್ತವೆ.

ದೀಪಗಳ ವಿಷಯದಲ್ಲಿ ಒಂದು ಗಂಭೀರ ಎಚ್ಚರಿಕೆ. ಬತ್ತಿಯಾಕಾರದ ಚಿಕ್ಕ ಎಲ್‌ಇಡಿಗಳಲ್ಲಿ ಹೆಚ್ಚಾಗಿ ಇರುವುದು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ. ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ, ಮೇಲೆ ಟೇಪು ಸುತ್ತಿ, ದೊಡ್ಡವರ ಎದೆ ಎತ್ತರದಲ್ಲಿಡಿ, ರಾತ್ರಿ ಎಣಿಸಿ ತೆಗೆದಿಡಿ. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸದೆ, ತಿನ್ನಲು ಏನೂ ಕೊಡದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ನೇರ ಓಡಿ. ಹೊಗೆಯ ಮೋಡಿಗೆಂದು ಧೂಪ, ಸಾಂಬ್ರಾಣಿ ಹಾಕಬೇಡಿ, ಮಗುವಿಗೆ ಕೆಮ್ಮು ಬರುತ್ತದೆ. ಕರ್ಪೂರದ ಡಬ್ಬಿಯೂ ಕೈಗೆ ಸಿಗದಿರಲಿ, ಚೂರು ಕರ್ಪೂರ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು.

ಹೆದರಿಕೆ

ಮೂರು ತಿಂಗಳ ಮಗು ಮುಖವಾಡಕ್ಕೆ ಹೆದರುವುದಿಲ್ಲ, ಅದಕ್ಕೆ ಪಟ್ಟನೆ ಬರುವ ಸದ್ದು ಮಾತ್ರ ಆಗದು. ಎಂಟೊಂಬತ್ತು ತಿಂಗಳಾದರೆ ಲೆಕ್ಕ ಬೇರೆ. ಅಷ್ಟರಲ್ಲಿ ಅದು ಮನೆಯವರ ಮುಖ ಗಟ್ಟಿಯಾಗಿ ಹಿಡಿದಿರುತ್ತದೆ. ಅಪ್ಪನ ದನಿ ಬೇರೆ ಮುಖದಿಂದ ಬಂದರೆ ಕಂಗಾಲಾಗುತ್ತದೆ. ನಾಲ್ಕೈದು ದಿನ ಮೊದಲೇ ಮುಖವಾಡವನ್ನು ಚಾಪೆಯ ಮೇಲೆ ಬಿಟ್ಟು ಮುಟ್ಟಲು ಕೊಡಿ. ಆಮೇಲೆ ಅದರ ಕಣ್ಣೆದುರೇ ಹಾಕಿ, ತೆಗೆದು, ಮತ್ತೆ ಹಾಕಿ ‘ಗುಬ್ಬಿ ಎಲ್ಲಿ’ ಆಟವಾಡಿ. ಬಾಗಿಲಿನಾಚೆ ಹಾಕಿಕೊಂಡು ಒಳಗೆ ನುಗ್ಗುವುದು ಬೇಡ. ಅತ್ತರೆ ತಕ್ಷಣ ಕಳಚಿ ಎತ್ತಿಕೊಳ್ಳಿ. ಅಳುವನ್ನು ವಿಡಿಯೊ ಮಾಡಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದರಲ್ಲಿ ತಮಾಷೆ ಏನೂ ಇಲ್ಲ.

ತಿನ್ನಲು

ಆರು ತಿಂಗಳು ತುಂಬದ ಮಗುವಿಗೆ ಹಾಲು ಮಾತ್ರ. ತುಂಬಿದವರಿಗೆ ಚೀನಿಕಾಯಿ ಮಣ್ಣಿ: ಎರಡು ಚಮಚ ರಾಗಿಯನ್ನು ನೆನೆಸಿ ರುಬ್ಬಿ ಸೋಸಿದ ಹಾಲಿಗೆ ಒಂದು ಕಪ್ಪು ನೀರು ಸೇರಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಬಿಡದೆ ಕಾಸಿ. ಕೈ ಬಿಟ್ಟರೆ ಗಂಟು ಕಟ್ಟುತ್ತದೆ. ಹದಿನೈದು ನಿಮಿಷ ಹಬೆಯಲ್ಲಿ ಬೆಂದ ಚೀನಿಕಾಯಿ ತಿರುಳನ್ನು ನುಣ್ಣಗೆ ಕಿವುಚಿ ಎರಡು ಚಮಚ, ತುಪ್ಪ ಅರ್ಧ ಚಮಚ ಬೆರೆಸಿ. ಬೆಲ್ಲ, ಉಪ್ಪು ಬೇಡ, ಚೀನಿಕಾಯಿಯ ಸಿಹಿಯೇ ಸಾಕು. ಮಗು ಮೊದಲ ಬಾರಿ ಚೀನಿಕಾಯಿ ತಿನ್ನುವುದಾದರೆ ಹಬ್ಬದ ಸಂಜೆಯ ಬದಲು ಮೂರ್ನಾಲ್ಕು ದಿನ ಮೊದಲು ಬೆಳಗ್ಗೆ ಕೊಟ್ಟು ನೋಡಿ. ಜೇನುತುಪ್ಪವನ್ನು ವರ್ಷ ತುಂಬುವ ತನಕ ನಾಲಿಗೆಗೂ ಮುಟ್ಟಿಸಬಾರದು, ಬೊಟುಲಿಸಂ ಎಂಬ ವಿಷಬಾಧೆಯ ಬೀಜಾಣು ಅದರಲ್ಲಿ ಇರಬಹುದು.

ಉಳಿದ ತಿರುಳು ದೊಡ್ಡವರ ಗಾರಿಗೆಗೆ. ವೇಷ ಕಟ್ಟಿ ಬರುವ ನೆರೆಯ ಮಕ್ಕಳಿಗೆ ನೇಂದ್ರ ಚಿಪ್ಸ್, ಎಳ್ಳುಂಡೆ ಕಟ್ಟಿಡಿ. ಐದು ವರ್ಷದೊಳಗಿನವರ ಕೈಗೆ ಇಡೀ ಕಡಲೆಬೀಜ, ಗಟ್ಟಿ ಮಿಠಾಯಿ ಕೊಡಬೇಡಿ, ಉಸಿರುನಾಳಕ್ಕೆ ಜಾರುತ್ತದೆ. ಮನೆಯ ದೊಡ್ಡ ಮಕ್ಕಳು ತಂಗಿಗೂ ಒಂದೆಂದು ಪ್ರೀತಿಯಿಂದ ಮಗುವಿನ ಬಾಯಿಗಿಡುವುದು ಇದನ್ನೇ; ತಟ್ಟೆ ಎತ್ತರದಲ್ಲಿರಲಿ.

ಬಣ್ಣ, ಮೇಣ ತಾಗದ ಕುಂಬಳಕಾಯಿಯನ್ನು ಅದೇ ರಾತ್ರಿ ಚಿಕ್ಕ ತುಂಡು ಮಾಡಿ ದನಕ್ಕೆ ಹಾಕಬಹುದು. ವಿನೆಗರ್, ವ್ಯಾಸಲೀನ್ ಹಚ್ಚಿದ ಭಾಗ ಗೊಬ್ಬರದ ಗುಂಡಿಗೆ. ಮಗುವಿನ ಅಂಗಿಯಿಂದ ಕಪ್ಪು ಕಣ್ಣು, ಬಾಯಿಯ ಹೊಲಿಗೆ ಬಿಚ್ಚಿ ಒಗೆದಿಡಿ; ಒಂದು ಅಳತೆ ದೊಡ್ಡದು ತಂದದ್ದರಿಂದ ಮಾಮೂಲಿ ಅಂಗಿಯಾಗಿ ಇನ್ನೂ ಎರಡು ತಿಂಗಳು ಬರುತ್ತದೆ.